ತರಗತಿ ಐದು, ಓದು ಎರಡು: ಮಗು ಇರುವಲ್ಲಿಂದ ಪಾಠ ಶುರು ಮಾಡುವುದು ಎಂದರೇನು?

ಶಾಲೆಯ ಪೋಷಕರ ಸಭೆಗಳಲ್ಲಿ ‘ನಿಪುಣ್’, ‘ಎಫ್‌ಎಲ್‌ಎನ್’ (ಓದು-ಬರಹ ಮತ್ತು ಲೆಕ್ಕದ ಬುನಾದಿ), ‘ಕಲಿಕಾ ಮಟ್ಟ’ ಎಂಬ ಮಾತುಗಳು ಈಗ ಜಾಸ್ತಿ ಕೇಳಿಬರುತ್ತಿವೆ. ಇದಕ್ಕೆ ಕಾರಣ ಒಂದು ಗಡುವು. 2021ರ ಜುಲೈ 5ರಂದು ಕೇಂದ್ರ ಸರಕಾರ ‘ನಿಪುಣ್ ಭಾರತ್’ ಶುರು ಮಾಡಿತು. ಮೂರನೇ ತರಗತಿ ಮುಗಿಸುವ ಪ್ರತಿ ಮಗುವಿಗೂ ಅರ್ಥ ಮಾಡಿಕೊಂಡು ಓದಲು, ಬರೆಯಲು, ಸಣ್ಣಪುಟ್ಟ ಲೆಕ್ಕ ಮಾಡಲು ಬರಬೇಕು ಎಂಬುದು ಅದರ ಗುರಿ. ಅದನ್ನು ತಲುಪಲು ಇಟ್ಟುಕೊಂಡ ವರ್ಷ 2026-27.

ಮೂರನೇ ಕ್ಲಾಸಿನ ಮಗು ಓದಬೇಕು ಅನ್ನುವುದು ಒಂದು ದೇಶದ ಗುರಿಯೇ ಎಂದು ಯಾರಿಗಾದರೂ ಅನ್ನಿಸಬಹುದು. ಶಾಲೆಗೆ ಹೋದರೆ ಓದು ಬಂದೇ ಬರುತ್ತದೆ ಅಲ್ವಾ? ಬರುತ್ತಿಲ್ಲ ಎಂಬುದೇ ಇಡೀ ಸಮಸ್ಯೆ.

## ಎಷ್ಟು ಮಕ್ಕಳಿಗೆ ಬರುತ್ತಿಲ್ಲ?

2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಒಂದು ಅಂದಾಜು ಕೊಡುತ್ತದೆ. ಪ್ರಾಥಮಿಕ ಹಂತದಲ್ಲಿರುವ 5 ಕೋಟಿಗೂ ಹೆಚ್ಚು ಮಕ್ಕಳಿಗೆ ಓದು ಮತ್ತು ಲೆಕ್ಕದ ಬುನಾದಿ ಸಿಕ್ಕಿಲ್ಲ.

ಇನ್ನೊಂದು ಲೆಕ್ಕ ‘ಅಸರ್’ ವರದಿಯದು. ಶಿಕ್ಷಣ ಕ್ಷೇತ್ರದ ಸ್ವಯಂಸೇವಾ ಸಂಸ್ಥೆ ‘ಪ್ರಥಮ್’ ಇದನ್ನು 2005ರಿಂದ ತರುತ್ತಿದೆ. ಇದು ಶಾಲೆಯಲ್ಲಿ ನಡೆಸುವ ಸಮೀಕ್ಷೆಯಲ್ಲ. ಸ್ವಯಂಸೇವಕರು ಹಳ್ಳಿಗಳಲ್ಲಿ ಮನೆಮನೆಗೆ ಹೋಗುತ್ತಾರೆ. ಹಾಗಾಗಿ ಸರಕಾರಿ ಶಾಲೆಯ ಮಕ್ಕಳೂ ಸಿಗುತ್ತಾರೆ, ಖಾಸಗಿ ಶಾಲೆಯ ಮಕ್ಕಳೂ ಸಿಗುತ್ತಾರೆ, ಶಾಲೆ ಬಿಟ್ಟವರೂ ಸಿಗುತ್ತಾರೆ.

ಇಡೀ ದೇಶದ ಗ್ರಾಮೀಣ ಭಾಗದ ಚಿತ್ರ ಹೀಗಿದೆ. 2018ರಲ್ಲಿ ಐದನೇ ತರಗತಿಯ ಮಕ್ಕಳಲ್ಲಿ ಶೇ. 50.5 ಮಂದಿ ಎರಡನೇ ತರಗತಿಯ ಪಠ್ಯ ಓದುತ್ತಿದ್ದರು. ಕೊರೊನಾ ನಂತರ, 2022ರಲ್ಲಿ, ಅದು ಶೇ. 42.8ಕ್ಕೆ ಇಳಿಯಿತು. 2024ರಲ್ಲಿ ಮತ್ತೆ ಶೇ. 48.8ಕ್ಕೆ ಏರಿತು. ಅಂದರೆ ಕೊರೊನಾ ಕೊಟ್ಟ ಪೆಟ್ಟು ಬಹುಪಾಲು ಮಾಯ್ದಿದೆ. ಆದರೆ ಮಾಯ್ದ ಮೇಲೂ ಐದನೇ ಕ್ಲಾಸಿನ ಅರ್ಧಕ್ಕರ್ಧ ಮಕ್ಕಳು ಎರಡನೇ ಕ್ಲಾಸಿನ ಪುಸ್ತಕ ಓದಲಾರರು. ಕೊರೊನಾಕ್ಕೂ ಮುಂಚೆ ಇದ್ದ ಕಾಯಿಲೆ ಇದು.

‘ಸರಕಾರಿ ಶಾಲೆಯ ಕತೆ ಬಿಡಿ’ ಎನ್ನುವವರು ಒಂದು ವಿಷಯ ಗಮನಿಸಬೇಕು. ಖಾಸಗಿ ಶಾಲೆಗಳ ಅಂಕಿ ಮೇಲಿದೆ, ನಿಜ. ಆದರೂ ಸಮಾಧಾನ ಪಡುವಷ್ಟಿಲ್ಲ. ಅಲ್ಲೂ ಐದನೇ ತರಗತಿಯ ಹತ್ತು ಮಕ್ಕಳಲ್ಲಿ ಸುಮಾರು ನಾಲ್ವರು ಆ ಪಠ್ಯ ಓದಲಿಲ್ಲ.

## ಈ ಪರೀಕ್ಷೆ ಹೇಗೆ ನಡೆಯುತ್ತದೆ?

ಇದನ್ನು ಸ್ವಲ್ಪ ವಿವರವಾಗಿ ನೋಡೋಣ. ಮುಂದಿನ ಎಲ್ಲ ಮಾತಿಗೂ ಇದೇ ಕೀಲಿ.

ಒಂದೇ ಒಂದು ಹಾಳೆ. ಅದರಲ್ಲಿ ನಾಲ್ಕು ಭಾಗ: ಬಿಡಿ ಅಕ್ಷರಗಳು, ಸರಳ ಪದಗಳು, ಒಂದನೇ ತರಗತಿ ಮಟ್ಟದ ನಾಲ್ಕು ಸಾಲು, ಎರಡನೇ ತರಗತಿ ಮಟ್ಟದ ಒಂದು ಪುಟ್ಟ ಕತೆ. ಮಗುವಿನ ಪಕ್ಕ ಕೂತು ಮೊದಲು ನಾಲ್ಕು ಸಾಲು ಓದಿಸುತ್ತಾರೆ. ಸಲೀಸಾಗಿ ಓದಿದರೆ ಕತೆಗೆ ಹೋಗುತ್ತಾರೆ. ಓದಲಿಲ್ಲವೋ, ಪದಗಳಿಗೆ ಇಳಿಯುತ್ತಾರೆ. ಐದು ಪದಗಳಲ್ಲಿ ನಾಲ್ಕು ಬಂದರೆ ಮಗು ‘ಪದ ಮಟ್ಟ’. ಅದೂ ಆಗದಿದ್ದರೆ ಅಕ್ಷರಗಳು. ಅಕ್ಷರವೂ ಬಾರದಿದ್ದರೆ ‘ಆರಂಭಿಕ ಮಟ್ಟ’. ಲೆಕ್ಕಕ್ಕೂ ಇದೇ ಬಗೆ: ಅಂಕಿ ಗುರುತಿಸುವುದು, ದಶಕ ತೆಗೆದುಕೊಳ್ಳುವ ಎರಡಂಕಿಯ ವ್ಯವಕಲನ, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವುದು.

ಒಂದು ಮಗುವಿಗೆ ಕೆಲವೇ ನಿಮಿಷ ಸಾಕು. ಇಲ್ಲಿ ಅಂಕವಿಲ್ಲ, ಪಾಸು-ಫೇಲಿಲ್ಲ. ಶಾಲೆಯ ಮಾಮೂಲಿ ಪರೀಕ್ಷೆಯಲ್ಲಿ 25ಕ್ಕೆ 9 ಬಂದರೆ ಮಗು ಸೋತಿದೆ ಅಂತಷ್ಟೇ ಗೊತ್ತಾಗುತ್ತದೆ. ನಾಳೆ ಬೆಳಗ್ಗೆ ಆ ಮಗುವಿಗೆ ಏನು ಕಲಿಸಬೇಕು ಅಂತ ಗೊತ್ತಾಗುವುದಿಲ್ಲ. ‘ಪದ ಓದುತ್ತದೆ, ವಾಕ್ಯ ಓದಲ್ಲ’ ಅಂದಾಗ ಮೇಷ್ಟ್ರಿಗೆ ನಾಳೆಯ ಕೆಲಸ ಸಿಕ್ಕಿತು. ಈ ಹಾಳೆಗೊಂದು ಮಿತಿಯೂ ಇದೆ. ಮಗು ಓದಿದ್ದನ್ನು ಎಷ್ಟು ಅರ್ಥ ಮಾಡಿಕೊಂಡಿತು ಎಂಬುದನ್ನು ಅದು ಆಳವಾಗಿ ನೋಡುವುದಿಲ್ಲ.

## ಕನ್ನಡ ಓದು ಯಾಕೆ ಹೆಚ್ಚು ಸಮಯ ಬೇಡುತ್ತದೆ?

ಇಂಗ್ಲಿಷಿನಲ್ಲಿ ಅಕ್ಷರ 26. ಕನ್ನಡದಲ್ಲಿ ‘ಕ’ ಒಂದು ಕಲಿತರೆ ಮುಗಿಯುವುದಿಲ್ಲ. ಕಾ, ಕಿ, ಕೀ, ಕು ಎಂದು ಕಾಗುಣಿತ ಶುರುವಾಗುತ್ತದೆ. ಅದರ ಮೇಲೆ ಒತ್ತಕ್ಷರ. ಅದೂ ಒಂದೊಂದಕ್ಕೆ ಒಂದೊಂದು ರೂಪ: ‘ಮ’ಕ್ಕೂ ಅದರ ಒತ್ತಿಗೂ ಹೋಲಿಕೆಯೇ ಇಲ್ಲ. ಅರ್ಕಾವತ್ತಿನದಂತೂ ಬೇರೆಯೇ ತಮಾಷೆ. ‘ಕರ್ನಾಟಕ’ ಎನ್ನುವಾಗ ನಾಲಿಗೆ ಮೊದಲು ‘ರ್’ ಅನ್ನುತ್ತದೆ, ಬರೆಯುವಾಗ ಅದು ‘ನಾ’ ಆದಮೇಲೆ ಬರುತ್ತದೆ. ದೊಡ್ಡವರಾದ ನಾವು ಇದನ್ನು ಗಮನಿಸುವುದೇ ಇಲ್ಲ. ಏಳು ವರ್ಷದ ಮಗು ಪ್ರತಿ ಸಲ ಅಲ್ಲಿ ಎಡವುತ್ತದೆ.

ಹೀಗೆ ಮಗು ಗುರುತಿಸಬೇಕಾದ ರೂಪಗಳು ನೂರಾರು. ಕನ್ನಡ ಮಕ್ಕಳ ಓದಿನ ಬಗ್ಗೆ ಸಂಶೋಧಕಿ ಸೋನಾಲಿ ನಾಗ್ ಅವರು ಮಾಡಿದ ಅಧ್ಯಯನಗಳಲ್ಲೂ ಇದೇ ಕಂಡಿತು. ಅಕ್ಷರ ಕಲಿಕೆ ಒಂದೆರಡು ವರ್ಷದಲ್ಲಿ ಮುಗಿಯುವುದಿಲ್ಲ. ನಾಲ್ಕನೇ ತರಗತಿಯ ಆಚೆಗೂ ಸಾಗುತ್ತದೆ. ಪಠ್ಯಪುಸ್ತಕ ಮಾತ್ರ ಅಷ್ಟು ಹೊತ್ತು ಕಾಯುವುದಿಲ್ಲ.

ಓದಿನ ವೇಗಕ್ಕೂ ಅರ್ಥಕ್ಕೂ ನೇರ ಸಂಬಂಧವಿದೆ. ‘ಮಾ... ರು... ಕ... ಟ್ಟೆ... ಯ... ಲ್ಲಿ’ ಎಂದು ಒಂದೊಂದೇ ಅಕ್ಷರ ಜೋಡಿಸುವ ಮಗು ‘ಲ್ಲಿ’ಗೆ ಬರುವಷ್ಟರಲ್ಲಿ ‘ಮಾ’ ಮರೆತಿರುತ್ತದೆ. ನಮ್ಮ ಮಿದುಳು ಒಂದು ಕ್ಷಣಕ್ಕೆ ಕೈಯಲ್ಲಿ ಹಿಡಿದುಕೊಳ್ಳುವ ವಿಷಯಗಳು ಬಹಳ ಕಡಿಮೆ. ಅಕ್ಷರ ಗುರುತಿಸುವುದಕ್ಕೇ ಅದೆಲ್ಲ ಖರ್ಚಾದರೆ ಅರ್ಥಕ್ಕೆ ಜಾಗ ಉಳಿಯುವುದಿಲ್ಲ. ಸರಾಗ ಓದು ಬೇಕು ಎನ್ನುವುದು ಇದಕ್ಕೇ.

ಮನೆಯ ಭಾಷೆಯ ಪ್ರಶ್ನೆಯೂ ಇದೆ. ಕರಾವಳಿಯ ತುಳು, ಬ್ಯಾರಿ, ಕೊಂಕಣಿ ಮನೆಗಳ ಮಕ್ಕಳು, ತಾಂಡಾಗಳ ಲಂಬಾಣಿ ಮಕ್ಕಳು, ಗಡಿಯ ತೆಲುಗು, ಮರಾಠಿ ಮಕ್ಕಳು ಲಿಪಿಯ ಜತೆಗೆ ಶಾಲೆಯ ಕನ್ನಡವನ್ನೂ ಕಲಿಯಬೇಕು. ಇಂಗ್ಲಿಷ್ ಮಾಧ್ಯಮಕ್ಕೆ ಸೇರಿದ ಹಳ್ಳಿಯ ಮಗುವಿನ ಕಷ್ಟವೂ ಇದೇ ಜಾತಿಯದು.

## ಪೋರ್ಷನ್ ಎಂಬ ಬಸ್ಸು

ಹಾಗಾದರೆ ಹಿಂದೆ ಬಿದ್ದ ಮಗು ಯಾಕೆ ಮುಂದೆ ಬರುವುದಿಲ್ಲ?

ಶಾಲೆ ನಡೆಯುವುದು ತರಗತಿಯ ಲೆಕ್ಕದಲ್ಲಿ. ಜೂನ್‌ನಲ್ಲಿ ಹೊರಟ ಪಾಠ ಮಾರ್ಚ್‌ಗೆ ಮುಟ್ಟಬೇಕು. ವರ್ಷದೊಳಗೆ ಮುಗಿಸಲೇಬೇಕಾದ ಈ ಪಾಠಗಳೇ ‘ಪೋರ್ಷನ್’. ಬಸ್ಸು ಟೈಮಿಗೆ ಸರಿಯಾಗಿ ಹೊರಡುತ್ತದೆ, ಮಗು ಇನ್ನೂ ಸ್ಟಾಂಡಿನಲ್ಲೇ ನಿಂತಿರುತ್ತದೆ. ಆದರೆ ಕಂಡಕ್ಟರ್ ಲೆಕ್ಕದಲ್ಲಿ ಅದು ಹತ್ತಿ ಕೂತಿದೆ! ನಾಲ್ಕನೇ ಕ್ಲಾಸಿನ ಹಾಜರಿಯಲ್ಲಿ ಹೆಸರಿದೆ, ಮುಂದೆ ನಾಲ್ಕನೇ ಕ್ಲಾಸಿನ ಪುಸ್ತಕವೂ ಇದೆ. ಓದು ಮಾತ್ರ ಎರಡನೆಯದರಲ್ಲೇ ಉಳಿದಿದೆ.

ಮಗುವಿನ ತರಗತಿ ಮತ್ತು ಮಗುವಿನ ಮಟ್ಟ ಬೇರೆ ಬೇರೆ. ಒಂದೇ ನಾಲ್ಕನೇ ತರಗತಿಯಲ್ಲಿ ಅಕ್ಷರ ಗೊತ್ತಿಲ್ಲದವರು, ಪದ ಓದುವವರು, ಕತೆ ಓದುವವರು ಒಟ್ಟಿಗೇ ಕೂತಿರುತ್ತಾರೆ. ಮೇಷ್ಟ್ರು ನಾಲ್ಕನೇ ತರಗತಿಯ ಪಾಠ ಮಾಡಿದರೆ ಅದು ಕತೆ ಓದುವವರಿಗೆ ಮಾತ್ರ ತಲುಪುತ್ತದೆ. ಉಳಿದವರು ಬೋರ್ಡಿನಲ್ಲಿರುವುದನ್ನು ಅಂದವಾಗಿ ನಕಲು ಮಾಡುತ್ತಾರೆ. ನೋಟ್ ಬುಕ್ ನೋಡಿದ ಅಪ್ಪ-ಅಮ್ಮನಿಗೆ ಎಲ್ಲ ಸರಿಯಿದೆ ಅನ್ನಿಸುತ್ತದೆ. ಅಕ್ಷರ ಮುತ್ತಿನ ಹಾಗಿರುವ ಮಗುವಿಗೂ ಓದು ಬಾರದೇ ಇರಬಹುದು. ತುಂಬ ಮನೆಗಳು ಮೋಸ ಹೋಗುವುದು ಇಲ್ಲೇ.

ಇದು ಶಿಕ್ಷಕರ ಸೋಮಾರಿತನ ಎಂದು ಸುಲಭವಾಗಿ ತೀರ್ಪು ಕೊಡುವಂತಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಶಿಕ್ಷಕರ ಕರ್ತವ್ಯಗಳನ್ನು ಹೇಳುತ್ತದೆ. ನಿಗದಿತ ಸಮಯದಲ್ಲಿ ಇಡೀ ಪಠ್ಯಕ್ರಮ ಮುಗಿಸಬೇಕು ಎನ್ನುತ್ತದೆ. ಅದರ ಮುಂದಿನ ಅಂಶದಲ್ಲೇ, ಪ್ರತಿ ಮಗುವಿನ ಕಲಿಕಾ ಶಕ್ತಿ ಅಳೆದು ಬೇಕಾದ ಹೆಚ್ಚುವರಿ ಪಾಠ ಮಾಡಬೇಕು ಎಂದೂ ಹೇಳುತ್ತದೆ. ಎರಡೂ ನ್ಯಾಯವೇ. ಆದರೆ ದಿನಕ್ಕಿರುವುದು ಅಷ್ಟೇ ಗಂಟೆ. ತಪಾಸಣೆಗೆ ಬಂದವರು ಕೇಳುವುದು ಹೆಚ್ಚಾಗಿ ಮೊದಲನೆಯದನ್ನು: ‘ಎಷ್ಟನೇ ಪಾಠಕ್ಕೆ ಬಂದಿದ್ದೀರಿ?’

ಸಣ್ಣ ಶಾಲೆಗಳಲ್ಲಿ ಇನ್ನೊಂದು ತೊಡಕು. ಅದೇ ಕಾಯ್ದೆಯ ಪ್ರಕಾರ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. ನಮ್ಮ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಒಂದರಿಂದ ಐದರವರೆಗೆ ತರಗತಿಗಳಿವೆ. ನಿಯಮದಂತೆ ಎಲ್ಲ ಹುದ್ದೆ ತುಂಬಿದ್ದರೂ ಇಬ್ಬರೇ ಐದು ಕ್ಲಾಸು ನೋಡಬೇಕು.

## ಮಟ್ಟಕ್ಕೆ ತಕ್ಕ ಪಾಠ

ಇದಕ್ಕೆ ಸಿಕ್ಕಿರುವ ಉತ್ತರ ಕೇಳಲು ತೀರಾ ಸರಳ. ದಿನದಲ್ಲಿ ಒಂದೆರಡು ಗಂಟೆ ತರಗತಿಯ ಗೋಡೆ ತೆಗೆದುಬಿಡಿ. ಮೂರು, ನಾಲ್ಕು, ಐದನೇ ತರಗತಿಯ ಮಕ್ಕಳನ್ನು ಆ ಪುಟ್ಟ ಹಾಳೆಯಿಂದ ಅಳೆಯಿರಿ. ಅಕ್ಷರದವರು ಒಂದು ಗುಂಪು, ಪದದವರು ಇನ್ನೊಂದು, ವಾಕ್ಯದವರು ಮತ್ತೊಂದು. ಪ್ರತಿ ಗುಂಪಿಗೂ ಅವರ ಮಟ್ಟದ ಓದು, ಮಾತು, ಆಟ, ಬರವಣಿಗೆ. ಕೆಲವು ವಾರಗಳಿಗೊಮ್ಮೆ ಮತ್ತೆ ಅಳೆದು, ದಾಟಿದವರನ್ನು ಮುಂದಿನ ಗುಂಪಿಗೆ ಕಳಿಸಿ. ಉಳಿದ ಸಮಯದಲ್ಲಿ ಮಾಮೂಲಿ ತರಗತಿ, ಮಾಮೂಲಿ ಪುಸ್ತಕ. ‘ಪ್ರಥಮ್’ ಬೆಳೆಸಿದ ಈ ವಿಧಾನ ಈಗ ಆಫ್ರಿಕಾದ ಜಾಂಬಿಯಾದಂಥ ದೇಶಗಳಲ್ಲೂ ಬಳಕೆಯಲ್ಲಿದೆ.

2000ದ ದಶಕದ ಆರಂಭದಲ್ಲಿ ಮುಂಬೈ ಮತ್ತು ವಡೋದರಾದಲ್ಲಿ ಇದರ ಮೊದಲ ರೂಪವನ್ನು ಪರೀಕ್ಷಿಸಿದರು. ಹಿಂದುಳಿದ ಮಕ್ಕಳನ್ನು ದಿನಕ್ಕೆ ಸುಮಾರು ಎರಡು ಗಂಟೆ ಬೇರೆ ಕೂರಿಸಿ, ‘ಬಾಲಸಖಿ’ ಎಂದು ಕರೆದ ಸ್ಥಳೀಯ ಯುವತಿಯರಿಂದ ಕಲಿಸಿದರು. ಮಕ್ಕಳು ಮುಂದೆ ಬಂದರು. ಆ ಅಧ್ಯಯನ ನಡೆಸಿದವರಲ್ಲಿ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಇದ್ದರು. ಇವರಿಗೇ ಮೈಕೆಲ್ ಕ್ರೆಮರ್ ಜತೆ 2019ರ ಅರ್ಥಶಾಸ್ತ್ರದ ನೊಬೆಲ್ ಬಂತು.

ಆದರೆ ಗೆದ್ದ ಕತೆಗಿಂತ ಸೋತ ಕತೆ ಇಲ್ಲಿ ಹೆಚ್ಚು ಕಲಿಸುತ್ತದೆ.

## ಬಿಹಾರದಲ್ಲಿ ಏನಾಯಿತು?

2008ರ ಬೇಸಿಗೆ. ಬಿಹಾರದ ಸರಕಾರಿ ಶಿಕ್ಷಕರು ಒಂದು ತಿಂಗಳ ರಜಾ ಶಿಬಿರದಲ್ಲಿ ಹಿಂದುಳಿದ ಮಕ್ಕಳಿಗೆ ಈ ರೀತಿ ಕಲಿಸಿದರು. ಮಕ್ಕಳ ಓದು ಸುಧಾರಿಸಿತು. ಸರಿ, ಇನ್ನೇನು? ಶಾಲೆ ತೆರೆದ ಮೇಲೂ ಇದೇ ನಡೆಯಲಿ ಎಂದು ಶಿಕ್ಷಕರಿಗೆ ತರಬೇತಿ ಕೊಟ್ಟರು, ಸಾಮಗ್ರಿ ಕೊಟ್ಟರು. ಅಳೆದು ನೋಡಿದರೆ ಫಲ ಸೊನ್ನೆ. ಊರಿನ ಸ್ವಯಂಸೇವಕರು ಶಾಲೆಯ ಸಮಯದ ಹೊರಗೆ ಕಲಿಸಿದ ಕಡೆ ಮಾತ್ರ ಸುಧಾರಣೆ ಕಂಡಿತು. ಉತ್ತರಾಖಂಡದಲ್ಲಿ ಸ್ವಯಂಸೇವಕರನ್ನು ಶಾಲೆಯೊಳಗೇ ಬಿಟ್ಟರು. ಅವರು ಕ್ರಮೇಣ ಮಾಮೂಲಿ ಪಾಠ ಮಾಡುವ ಸಹಾಯಕರಾಗಿಬಿಟ್ಟರು. ಅಲ್ಲೂ ಫಲವಿಲ್ಲ.

ಬೇಸಿಗೆಯಲ್ಲಿ ಚೆನ್ನಾಗಿ ಕಲಿಸಿದವರೂ ಬಿಹಾರದ ಸರಕಾರಿ ಶಿಕ್ಷಕರೇ. ಹಾಗಾಗಿ ಅವರಿಗೆ ಕಲಿಸಲು ಬರುವುದಿಲ್ಲ ಎನ್ನುವ ವಾದ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಪೋರ್ಷನ್ ಇರಲಿಲ್ಲ, ಜೂನ್ ನಂತರ ಇತ್ತು. ತರಬೇತಿ ಎಷ್ಟೇ ಚೆನ್ನಾಗಿರಲಿ, ಪೋರ್ಷನ್ ಬಂದ ಕೂಡಲೇ ಅದು ಎಲ್ಲವನ್ನೂ ನುಂಗುತ್ತದೆ.

ಈ ಪಾಠ ಹರಿಯಾಣದಲ್ಲಿ ಕೆಲಸಕ್ಕೆ ಬಂತು. 2012-13ರಲ್ಲಿ ಅಲ್ಲಿ ಶಾಲಾ ದಿನಕ್ಕೆ ಇದಕ್ಕೆಂದೇ ಒಂದು ಗಂಟೆ ಸೇರಿಸಿದರು. ಆ ಗಂಟೆಯಲ್ಲಿ ತರಗತಿ ಎಂಬುದಿಲ್ಲ, ಮಟ್ಟ ಮಾತ್ರ. ಶಿಕ್ಷಕರಿಗೆ ಮಾರ್ಗದರ್ಶನ ಮಾಡುವ ಅಧಿಕಾರಿಗಳು, ನಮ್ಮ ಸಿಆರ್‌ಪಿಗಳ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳ) ಥರದವರು, ಮೊದಲು ತಾವೇ 15-20 ದಿನ ಮಕ್ಕಳ ಮುಂದೆ ನಿಂತು ಈ ವಿಧಾನದಲ್ಲಿ ಕಲಿಸಿದರು. ಆಮೇಲೆ ಶಾಲೆಗಳಿಗೆ ಹೋದರು. ಮಾಮೂಲಿ ಶಿಕ್ಷಕರಿಂದಲೇ ಮಕ್ಕಳ ಭಾಷೆ ಸುಧಾರಿಸಿತು. ಇದೆಲ್ಲ ಕಷ್ಟವಾದ ಉತ್ತರ ಪ್ರದೇಶದಲ್ಲಿ ‘ಪ್ರಥಮ್’ ಸಿಬ್ಬಂದಿಯೇ ಶಾಲೆಗೆ ಬಂದು ಕಂತುಕಂತಾಗಿ ಒಟ್ಟು 50 ದಿನಗಳ ಶಿಬಿರ ನಡೆಸಿದರು. ಅಲ್ಲಿ ಫಲ ಇನ್ನೂ ದೊಡ್ಡದಾಗಿತ್ತು.

## ಕರ್ನಾಟಕ ಇದನ್ನು ಮೊದಲೇ ಕಂಡಿತ್ತು

ಮಟ್ಟಕ್ಕೆ ತಕ್ಕ ಪಾಠ ನಮಗೆ ಹೊರಗಿನಿಂದ ಬಂದ ಹೊಸ ವಿಚಾರವೇನಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ‘ನಲಿ-ಕಲಿ’ ಶುರುವಾಯಿತು. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದು ಇದನ್ನು ಕಟ್ಟಿದರು. 2009-10ರಲ್ಲಿ ರಾಜ್ಯದ ಎಲ್ಲ ಸರಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆ ಬಂತು.

ನಲಿ-ಕಲಿಯಲ್ಲಿ ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಪಾಠಪುಸ್ತಕದ ಬದಲು ಕಾರ್ಡುಗಳು. ಗೋಡೆಯ ಮೇಲೆ ಕಲಿಕಾ ಏಣಿ. ಏಣಿಯಲ್ಲಿ ತಾನು ಎಲ್ಲಿದ್ದೇನೆ ಎಂದು ಮಗುವೇ ನೋಡಿ ಮುಂದಿನ ಕಾರ್ಡು ಎತ್ತಿಕೊಳ್ಳುತ್ತದೆ. ಜ್ವರ ಬಂದು ಹದಿನೈದು ದಿನ ತಪ್ಪಿಸಿಕೊಂಡ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಹತ್ತುತ್ತದೆ. ಒಂದು ಗುಂಪಿಗೆ ಮೇಷ್ಟ್ರು ಪೂರ್ತಿ ಸಹಾಯ ಮಾಡುತ್ತಾರೆ, ಇನ್ನೊಂದಕ್ಕೆ ಅರ್ಧ, ಮತ್ತೊಂದಕ್ಕೆ ಜತೆಯ ಮಕ್ಕಳೇ ಹೇಳಿಕೊಡುತ್ತಾರೆ, ಕೆಲವರು ತಾವಾಗಿಯೇ ಕಲಿಯುತ್ತಾರೆ. ಇಬ್ಬರೇ ಶಿಕ್ಷಕರಿರುವ ಶಾಲೆಗೆ ಹೇಳಿ ಮಾಡಿಸಿದಂತಿತ್ತು.

ಅಕ್ಷರ ಕಲಿಸುವ ಕ್ರಮವೂ ಬೇರೆ. ‘ಅ ಆ ಇ ಈ’ ಬದಲು ‘ರ ಗ ಸ ದ ಅ’ ಎಂದು ಶುರು. ಈ ಐದೇ ಅಕ್ಷರ ಬಂದರೆ ಸಾಕು. ಸರ, ದರ, ಅರಸ, ಅಗಸ, ಗರಗಸ ಎಲ್ಲವನ್ನೂ ಮಗು ಓದಿಬಿಡುತ್ತದೆ. 49 ಅಕ್ಷರ ಮುಗಿಯುವ ತನಕ ಮೊದಲ ಪದಕ್ಕೆ ಕಾಯಬೇಕಿಲ್ಲ. ‘ನಮ್ಮ ಮಗೂಗೆ ಅ ಆ ಇ ಈ ಹೇಳೋಕೇ ಬರಲ್ಲ, ಶಾಲೇಲಿ ಬರೀ ಹಾಡು, ಆಟ’ ಎಂಬ ಪೋಷಕರ ದೂರಿನ ಹಿಂದೆ ಇರುವುದೂ ಇದೇ. ಯಾಕೆ ಹೀಗೆ ಎಂದು ಅವರಿಗೆ ಯಾರೂ ಬಿಡಿಸಿ ಹೇಳಲಿಲ್ಲ. ನಲಿ-ಕಲಿ ಎಲ್ಲ ಕಡೆ ಒಂದೇ ಥರ ನಡೆಯಲಿಲ್ಲ ಎಂಬುದೂ ನಿಜ. ಕೆಲವೇ ಮಕ್ಕಳಿರುವ ತರಗತಿಯಲ್ಲಿ ಏಣಿ ಹತ್ತುವುದು ಒಂದು ರೀತಿ. ಕಾರ್ಡು ಹರಿದು, ಮಕ್ಕಳು ಕಿಕ್ಕಿರಿದ ಕೋಣೆಯಲ್ಲಿ ಅದು ಬೇರೆಯೇ ರೀತಿ.

ಮೂರನೇ ತರಗತಿ ದಾಟಿದ ಮೇಲೆ ಈ ಏಣಿ ಸಿಗುವುದಿಲ್ಲ, ಮತ್ತೆ ಪೋರ್ಷನ್. ಅಲ್ಲಿನ ಕಂದಕ ತುಂಬಲು ಬೇರೆ ಬೇರೆ ಪ್ರಯತ್ನ ನಡೆದಿವೆ. ಪ್ರತಿ ವರ್ಷದ ಆರಂಭದಲ್ಲಿ ಹಿಂದಿನ ತರಗತಿಯ ಕಲಿಕೆ ಗಟ್ಟಿ ಮಾಡುವ ‘ಸೇತುಬಂಧ’ ಇದೆ. ನಾಲ್ಕು, ಐದನೇ ತರಗತಿಗೆ ‘ಓದು ಕರ್ನಾಟಕ’ ಎಂಬ ಕಾರ್ಯಕ್ರಮ ಬಂತು. ಕೊರೊನಾ ನಂತರ 2022-23ನ್ನು ‘ಕಲಿಕಾ ಚೇತರಿಕೆ’ ವರ್ಷ ಎಂದು ಸಾರಿದರು. ಸೇತುಬಂಧದ ಕಷ್ಟವೆಂದರೆ ಅದು ಕೆಲವೇ ವಾರಗಳದ್ದು. ಎರಡು ವರ್ಷ ಹಿಂದಿರುವ ಮಗುವಿಗೆ ಆ ಸೇತುವೆ ಸಾಲದು.

## ಇದರಲ್ಲಿ ಮುಖ್ಯ ಶಿಕ್ಷಕರ ಪಾತ್ರವೇನು?

ಹೆಡ್ ಮಾಸ್ಟರ್ ಅಂದರೆ ನಮಗೆ ಆಫೀಸು, ಗಂಟೆ, ಟಿಸಿ ನೆನಪಾಗುತ್ತವೆ. ಅವರ ದಿನವೂ ಹಾಗೇ ಇದೆ. ಬಿಸಿಯೂಟದ ಲೆಕ್ಕ, ಹಾಲು-ಮೊಟ್ಟೆಯ ಲೆಕ್ಕ, ಸಮವಸ್ತ್ರ, ಶೂ, ಆನ್‌ಲೈನ್ ಎಂಟ್ರಿಗಳು, ನಡುವೆ ಚುನಾವಣೆ ಕೆಲಸ. ಸಣ್ಣ ಶಾಲೆಯಲ್ಲಿ ಅವರೇ ಪಾಠವನ್ನೂ ಮಾಡಬೇಕು. ಶಾಲಾ ನಾಯಕತ್ವದ ತರಬೇತಿಗಳಲ್ಲಿ ದೊಡ್ಡ ದೊಡ್ಡ ಮಾತು ಕೇಳಿಬರುತ್ತವೆ. ಬಿಹಾರ ಮತ್ತು ಹರಿಯಾಣದ ಅನುಭವ ನೋಡಿದರೆ ಕೆಲಸ ತುಂಬ ಸಣ್ಣದು, ಆದರೆ ಬೇರೆ ಯಾರೂ ಮಾಡಲಾಗದ್ದು: ಆ ಒಂದು ಗಂಟೆಯನ್ನು ಕಾಯುವುದು.

ವೇಳಾಪಟ್ಟಿಯಲ್ಲಿ ಗಂಟೆ ಬರೆಯುವವರು ಅವರೇ. ‘ಇವತ್ತು ಪ್ರತಿಭಾ ಕಾರಂಜಿ ಪ್ರಾಕ್ಟೀಸ್ ಇದೆ, ಗುಂಪು ನಾಳೆ ಮಾಡೋಣ’ ಅಂದಾಗ ಒಪ್ಪುವವರೂ ಬಿಡುವವರೂ ಅವರೇ. ಯಾವ ಗುಂಪಿಗೆ ಯಾರು ಎಂದು ಹಂಚುವಾಗ, ಅಕ್ಷರವೂ ಬಾರದ ಮಕ್ಕಳಿಗೆ ಶಾಲೆಯ ಅತ್ಯುತ್ತಮ ಶಿಕ್ಷಕರನ್ನು ಕೊಡಬೇಕು. ಸಾಮಾನ್ಯವಾಗಿ ಆಗುವುದು ಉಲ್ಟಾ. ಒಳ್ಳೆಯವರು ಮೇಲಿನ ತರಗತಿಗೆ, ಹೊಸಬರು ಕೆಳಗೆ.

ಮಕ್ಕಳಿಗೆ ಹಣೆಪಟ್ಟಿ ಹಚ್ಚದ ಹಾಗೆ ನೋಡಿಕೊಳ್ಳುವುದೂ ಅವರ ಹೊಣೆ. ಗುಂಪು ಬದಲಾಗುತ್ತಲೇ ಇದ್ದರೆ ಅದು ಮೆಟ್ಟಿಲು. ವರ್ಷವಿಡೀ ಅದೇ ಮಕ್ಕಳು ಅದೇ ಮೂಲೆಯಲ್ಲಿದ್ದರೆ ಅದು ‘ದಡ್ಡರ ಗುಂಪು’. ಊರಿಗೆಲ್ಲ ಗೊತ್ತಾಗುತ್ತದೆ. ಮೇಲಿನಿಂದ ಬರುವ ಸಿಆರ್‌ಪಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕೂಡ ‘ಎಷ್ಟನೇ ಪಾಠ?’ ಎನ್ನುವ ಜತೆಗೆ ‘ಈ ತಿಂಗಳು ಪದದಿಂದ ವಾಕ್ಯಕ್ಕೆ ಎಷ್ಟು ಮಕ್ಕಳು ದಾಟಿದರು?’ ಎಂದು ಕೇಳಿದರೆ ಹೆಡ್ ಮಾಸ್ಟರ್ ಕೆಲಸ ಅರ್ಧ ಹಗುರ.

## ಮನೆಯಲ್ಲಿ ತಿಳಿಯುವುದು ಹೇಗೆ?

ಎರಡನೇ ತರಗತಿ ಮಟ್ಟದ, ಆದರೆ ಮಗು ಹಿಂದೆ ಓದಿರದ ಒಂದು ಕತೆ ತೆಗೆದುಕೊಳ್ಳಿ. ಹಳೆಯ ಪಾಠವಾದರೆ ಬಾಯಿಪಾಠ ಒಪ್ಪಿಸಿಬಿಡುವ ಸಾಧ್ಯತೆಯಿದೆ. ಪಕ್ಕದಲ್ಲಿ ಕೂರಿಸಿಕೊಂಡು ನಾಲ್ಕು ಸಾಲು ಓದಿಸಿ. ನಡುವೆ ತಿದ್ದಬೇಡಿ, ಗದರಬೇಡಿ. ಆಮೇಲೆ ‘ಏನಾಯ್ತು ಕತೇಲಿ?’ ಎಂದು ಕೇಳಿ.

ಅಕ್ಷರ ಅಕ್ಷರ ಕೂಡಿಸುತ್ತಿದ್ದರೆ ಅಭ್ಯಾಸ ಬೇಕು. ದಿನಾ ಹತ್ತು ನಿಮಿಷ ಜೋರಾಗಿ ಓದಿಸುವುದು ಟ್ಯೂಷನ್‌ಗಿಂತ ಹೆಚ್ಚು ಕೆಲಸ ಮಾಡಬಹುದು. ಒತ್ತಕ್ಷರದಲ್ಲಿ ಮಾತ್ರ ನಿಲ್ಲುತ್ತಿದ್ದರೆ ಅಷ್ಟನ್ನೇ ಹಿಡಿಯಿರಿ. ಸಲೀಸಾಗಿ ಓದಿ, ಕತೆ ಹೇಳಲು ತಡಬಡಾಯಿಸಿದರೆ ತೊಂದರೆ ಲಿಪಿಯದಲ್ಲ. ಪದಗಳ ಅರ್ಥ, ಮಾತುಕತೆ ಕಡಿಮೆಯಾಗಿದೆ. ಕತೆ ಓದಿ ಹೇಳುವುದು, ಕೇಳುವುದು ಅದಕ್ಕೆ ಮದ್ದು. ‘ಏನಾಯ್ತು ಕತೇಲಿ?’ ಎಂಬ ಪ್ರಶ್ನೆಯನ್ನು ಓದು ಬಾರದ ತಾಯಿಯೂ ಕೇಳಬಹುದು.

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲೂ ಇದನ್ನು ಎತ್ತಬಹುದು. ಕರ್ನಾಟಕದಲ್ಲಿ ಈ ಸಮಿತಿಗಳು 2001ರಿಂದ ಇವೆ. ಅಲ್ಲಿ ಕಾಂಪೌಂಡು, ಶೌಚಾಲಯ, ಬಣ್ಣದ ಮಾತು ಬೇಕಾದಷ್ಟು ನಡೆಯುತ್ತದೆ. ಐದನೇ ತರಗತಿಯಲ್ಲಿ ಎಷ್ಟು ಮಕ್ಕಳು ಕತೆ ಓದುತ್ತಾರೆ, ಓದದವರಿಗೆ ದಿನದ ಯಾವ ಗಂಟೆ ಇಟ್ಟಿದ್ದೀರಿ ಎಂದು ಕೇಳುವುದಕ್ಕೂ ಪೋಷಕರಿಗೆ ಅಷ್ಟೇ ಹಕ್ಕಿದೆ.